ಮೇವಿನ ಖರ್ಚು ಸೊನ್ನೆ ಅಂತ ಬರೆದಿದ್ದೆ: ನಮ್ಮನೆ ಕುರಿಗಳ ಲೆಕ್ಕ

(ಪಾಡ್‌ಕಾಸ್ಟ್ ಕಂತಿನ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

 

ಇವತ್ತಿನ ಕಂತು ಶುರುವಾಗಿದ್ದು ಒಂದು ಮೆಸೇಜಿಂದ. ಕೇಳುಗರೊಬ್ಬರು ಕೇಳಿದ್ರು: "ನಿಮ್ಮ ತಂದೆ ಕುರಿ ಸಾಕ್ತಾರೆ ಅಂತ ಹೇಳಿದ್ರಲ್ಲ, ಅವರ ಹತ್ರ ಗ್ರಾಸ್ ಫೆಡ್ ಮಟನ್ ಸಿಗುತ್ತಾ?" ನಾನು ಅಪ್ಪನಿಗೆ ಫೋನ್ ಮಾಡಿ, ಹುಲ್ಲು ತಿಂದು ಬೆಳೆದ ಕುರಿ ಬೇಕಂತೆ ಅಂದೆ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ಅಲ್ಲ ಕಣವ್ವ, ಕುರಿ ಹುಲ್ಲು ತಿನ್ದೆ ಬಿರಿಯಾನಿ ತಿಂತೈತಾ?" ಅಂದ.

ನಗು ಬಂತು. ಆದ್ರೆ ಆ ಪ್ರಶ್ನೆ ಬಂದಿದ್ದಕ್ಕೂ ಕಾರಣ ಇದೆ. ಅಮೆರಿಕದಂಥ ಕಡೆ ದನಗಳನ್ನ ಕೊನೆಯ ಕೆಲವು ತಿಂಗಳು ದೊಡ್ಡ ದೊಡ್ಡ ಆವರಣದಲ್ಲಿ ಕೂಡಿಹಾಕಿ, ಮೆಕ್ಕೆಜೋಳ ತಿನ್ನಿಸಿ ಬೇಗ ತೂಕ ಬರಿಸ್ತಾರೆ. ಅದಕ್ಕೇ ಅಲ್ಲಿ 'ಇದು ಬರೀ ಹುಲ್ಲು ತಿಂದದ್ದು' ಅಂತ ಬೇರೆ ಚೀಟಿ ಅಂಟಿಸಬೇಕಾಯ್ತು. ಅಲ್ಲಿನ ಕೃಷಿ ಇಲಾಖೆ 2007ರಲ್ಲಿ ಅದಕ್ಕೊಂದು ಮಾನದಂಡ ಮಾಡಿತ್ತು, 2016ರಲ್ಲಿ ಅದನ್ನ ವಾಪಸ್ ತಗೊಳ್ತು. ನಮ್ಮ ಬಯಲುಸೀಮೆಯಲ್ಲಿ ಕಥೆ ಉಲ್ಟಾ. ಇಲ್ಲಿ ಕುರಿ ಅಂದ್ರೆ ಮೇಯೋದೇ. 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ರೆ ನಾವೇ. ಅದರಲ್ಲಿ ಬಹುಪಾಲು ಬೆಳಿಗ್ಗೆ ಎದ್ದು ಹುಲ್ಲು ಹುಡುಕ್ಕೊಂಡು ಹೋಗೋವೇ.

ಹಾಗಿದ್ರೆ ಇದರ ಬಗ್ಗೆ ಹೇಳೋದೇನಿದೆ? ಇದೆ. ಹುಲ್ಲು ಪುಕ್ಕಟೆ ಅಂತ ನಾವೆಲ್ಲ ನಂಬ್ಕೊಂಡಿದ್ದೀವಲ್ಲ, ಅದು ಸುಳ್ಳು. ಬಿಕಾಂ ಓದಿದ ನಾನೂ ಹಾಗೇ ನಂಬಿದ್ದೆ. ಅದಕ್ಕೆ ನಮ್ಮನೆ ತೆತ್ತ ಬೆಲೆ ಏನು ಅಂತ ಹೇಳ್ತೀನಿ.

ಎಕ್ಸೆಲ್ ಶೀಟಲ್ಲಿ ಒಂದು ಸೊನ್ನೆ

ನಮ್ಮೂರು ಶಿರಾ ತಾಲ್ಲೂಕಲ್ಲಿ. ಜಮೀನು 3 ಎಕರೆ 10 ಗುಂಟೆ, ಎಲ್ಲಾ ಖುಷ್ಕಿ. ರಾಗಿ, ಹುರುಳಿ, ಮಳೆ ಚೆನ್ನಾಗಿ ಆದ್ರೆ ಒಂದಿಷ್ಟು ಕಡಲೆಕಾಯಿ. ಮನೆ ನಡೆಯೋದು ಕುರಿಯಿಂದ. 2025ರ ಯುಗಾದಿಗೆ ಊರಿಗೆ ಹೋದಾಗ 36 ತಾಯಿಕುರಿ, ಒಂದು ಟಗರು ಇದ್ದವು. ಅಪ್ಪನಿಗೆ 61 ವರ್ಷ, ಮಂಡಿ ನೋವು. ತಮ್ಮ ತುಮಕೂರಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾನೆ. ಹೋಳಿಗೆ ಊಟ ಆದ್ಮೇಲೆ ಅವನು ಮಾತು ತೆಗೆದ: "ಎಲ್ಲಾ ಮಾರಿಬಿಡೋಣ ಅಪ್ಪ. ಯಾಕೆ ಬಿಸಿಲಲ್ಲಿ ಸಾಯ್ತೀಯ?" ಅಮ್ಮ ಏನೂ ಮಾತಾಡಲಿಲ್ಲ. ಅಪ್ಪ ಎದ್ದು ರೊಪ್ಪದ ಕಡೆ ಹೋದ.

ಅಪ್ಪನ ಪರವಾಗಿ ನಾನು ಲೆಕ್ಕ ಮಾಡೋಕೆ ಕೂತೆ. ಲಾಭ ಇದೆ ಅಂತ ತೋರಿಸಿದ್ರೆ ತಮ್ಮ ಸುಮ್ಮನಾಗ್ತಾನಲ್ಲ! ಲ್ಯಾಪ್‌ಟಾಪ್ ತೆಗೆದು ಒಂದು ಶೀಟ್ ಮಾಡಿದೆ. ಆ ವರ್ಷ ಮಾರಿದ ಮರಿ 28. ಒಂದಕ್ಕೆ ಸರಾಸರಿ 7,000 ರೂಪಾಯಿ, ಒಟ್ಟು 1,96,000. ಔಷಧಿ, ಉಪ್ಪು, ಖನಿಜ ಮಿಶ್ರಣ, ಬೇಸಿಗೆಗೆ ಕೊಂಡ ಒಣಮೇವು, ರೊಪ್ಪದ ರಿಪೇರಿ, ಸಂತೆಗೆ ಗಾಡಿ ಬಾಡಿಗೆ ಎಲ್ಲಾ ಸೇರಿ 48,000. ಉಳಿದದ್ದು 1,48,000. 'ಮೇಯಿಸುವ ಹುಲ್ಲು' ಅಂತ ಒಂದು ಕಾಲಂ ಇತ್ತು, ಅದರಲ್ಲಿ ಸೊನ್ನೆ ಬರೆದೆ.

ತಮ್ಮ ಬಂದು ನೋಡಿದ. ಅವನು ಓದಿದ್ದು ಐಟಿಐ. ಆದ್ರೆ ಕೇಳಿದ ಪ್ರಶ್ನೆ ನಮ್ಮ ಲೆಕ್ಕಶಾಸ್ತ್ರದ ಮೇಷ್ಟ್ರು ಕೇಳೋ ಥರದ್ದು: "ಅಪ್ಪಂದು ಕೂಲಿ ಎಲ್ಲಿ ಅಕ್ಕ?"

ಕಾಲೇಜಲ್ಲಿ ಅವಕಾಶ ವೆಚ್ಚ ಅಂತ ಓದಿರ್ತೀವಿ. ಒಂದು ಕೆಲಸ ಮಾಡೋಕೆ ಇನ್ನೊಂದು ಕೆಲಸ ಬಿಟ್ರೆ, ಬಿಟ್ಟ ಆ ಕೆಲಸದಿಂದ ಬರ್ತಿದ್ದ ದುಡ್ಡೂ ಖರ್ಚೇ. ಅಪ್ಪ ಬೆಳಿಗ್ಗೆ ಒಂಬತ್ತಕ್ಕೆ ಹೋದ್ರೆ ಬರೋದು ಸಂಜೆ ಐದಕ್ಕೆ. ದಿನಕ್ಕೆ ಎಂಟು ಗಂಟೆ. ಭಾನುವಾರ ಇಲ್ಲ, ಹಬ್ಬ ಇಲ್ಲ. 2024-25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅದನ್ನೇ 365 ದಿನಕ್ಕೆ ಹಾಕಿದೆ. 1,27,385 ರೂಪಾಯಿ ಆಯ್ತು. 1,48,000ದಲ್ಲಿ ಅದನ್ನ ಕಳೆದ್ರೆ ಉಳಿದದ್ದು 20,615. ಇಡೀ ವರ್ಷದ ಲಾಭ ಅದು. ಒಂದು ಫೋನಿನ ದುಡ್ಡು.

ಅಪ್ಪನಿಗೆ ತೋರಿಸಿದೆ. ಅವನು, "ಆ ಕೂಲಿ ಬೇರೆ ಯಾರಿಗಾದ್ರೂ ಹೋಯ್ತದಾ? ನಮ್ಮನೇಲೇ ಉಳೀತದಲ್ಲ" ಅಂದ. ಅದೂ ನಿಜಾನೇ. ವರ್ಷಪೂರ್ತಿ ದಿನಾ ಕೂಲಿ ಕೊಡೋರು ಊರಲ್ಲಿ ಯಾರೂ ಇಲ್ಲ, ನರೇಗಾದಲ್ಲೂ ವರ್ಷಕ್ಕೆ 365 ದಿನ ಕೆಲಸ ಸಿಗ್ತಿರಲಿಲ್ಲ. ರೊಪ್ಪದಿಂದ ಹೊಲಕ್ಕೆ ಹೋಗೋ ಗೊಬ್ಬರವನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಕಡೆ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸೋಕೆ ರೈತರು ದುಡ್ಡು ಕೊಟ್ಟು ಕರೆಸ್ತಾರೆ, ನಮ್ಮ ರಾಗಿಗೆ ಅದು ಮನೇಲೇ ಸಿಗ್ತಿದೆ. ಹಾಗಾಗಿ ಅಪ್ಪನೂ ಸರಿ, ತಮ್ಮನೂ ಸರಿ. ತಪ್ಪಿದ್ದು ನನ್ನ ಸೊನ್ನೆ.

ದಿನಕ್ಕೆ 110 ಕೆಜಿ ಹುಲ್ಲು ಎಲ್ಲಿಂದ?

ಈಗ ಇನ್ನೊಂದು ಲೆಕ್ಕ. ಕುರಿ ತನ್ನ ತೂಕದ ಸುಮಾರು ಹತ್ತರಲ್ಲಿ ಒಂದು ಪಾಲು ಹಸಿಮೇವು ದಿನಾ ತಿನ್ನುತ್ತೆ ಅನ್ನೋದು ಸಾಮಾನ್ಯ ಅಂದಾಜು. 30 ಕೆಜಿ ಕುರಿಗೆ 3 ಕೆಜಿ. ನಮ್ಮ 37 ಕುರಿಗೆ ದಿನಕ್ಕೆ 110 ಕೆಜಿ, ವರ್ಷಕ್ಕೆ 40 ಟನ್. ಮರಿಗಳದ್ದು ಬೇರೆ. ನಮ್ಮ ಮೂರು ಎಕರೆ ಖುಷ್ಕಿಯಲ್ಲಿ ರಾಗಿನೂ ಬೆಳ್ಕೊಂಡು ಇಷ್ಟು ಹುಲ್ಲು ಬರುತ್ತಾ? ಸಾಧ್ಯವೇ ಇಲ್ಲ.

ಹಾಗಾದ್ರೆ ಕುರಿ ಮೇಯ್ತಿದ್ದದ್ದು ಎಲ್ಲಿ? ಗೋಮಾಳದಲ್ಲಿ, ಕೆರೆ ಅಂಗಳದಲ್ಲಿ, ಕೊಯ್ಲಾದ ಮೇಲೆ ಪಕ್ಕದವರ ಹೊಲದಲ್ಲಿ, ರಸ್ತೆ ಬದಿಯಲ್ಲಿ. 'ನಮ್ಮ ಫಾರಂ' ಅಂತ ನಾನು ಎಕ್ಸೆಲ್‌ನಲ್ಲಿ ಬರೆದಿದ್ದೆನಲ್ಲ, ಅದರಲ್ಲಿ ದೊಡ್ಡ ಭಾಗ ನಮ್ಮದೇ ಅಲ್ಲ, ಊರಿಂದು.

ಗೋಮಾಳದ ವಿಷಯ ಸಿಟಿಯಲ್ಲಿ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು 1966ರಲ್ಲಿ 97ನೇ ನಿಯಮ ಅಂತ ಇದೆ. ಊರಲ್ಲಿರೋ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದ್ರೆ ಸುಮಾರು 30 ಎಕರೆ ಮೇಯಿಸೋಕೆ ಬಿಡಬೇಕು ಅಂತ ಅದು ಹೇಳುತ್ತೆ. ಕಾಗದದ ಮೇಲೆ ಚೆನ್ನಾಗಿದೆ. ನಮ್ಮೂರ ಗೋಮಾಳದಲ್ಲಿ ಒಂದು ಮೂಲೆ ಸೈಟಾಗಿದೆ, ಒಂದು ಮೂಲೆ ಸಾಗುವಳಿ ಆಗಿದೆ, ಉಳಿದಿದ್ದರಲ್ಲಿ ಅರ್ಧ ಬಳ್ಳಾರಿ ಜಾಲಿ ಮುಚ್ಚಿಕೊಂಡಿದೆ. ಜಾಲಿಕಾಯಿ ಬಿದ್ದಾಗ ಕುರಿ ತಿನ್ನುತ್ತವೆ ನಿಜ, ಆದ್ರೆ ಅದರ ಕೆಳಗೆ ಹುಲ್ಲು ಬೆಳೆಯಲ್ಲ. ಅಪ್ಪ ಹುಡುಗನಾಗಿದ್ದಾಗ ಮನೆ ಹಿಂದೇನೇ ಮೇವು ಸಿಗ್ತಿತ್ತಂತೆ. ಈಗ ಅದೇ ಹೊಟ್ಟೆ ತುಂಬಿಸೋಕೆ ನಾಲ್ಕೈದು ಕಿಲೋಮೀಟರ್ ನಡೀಬೇಕು. ಕುರಿಯೂ ನಡೆಯುತ್ತೆ, ಅಪ್ಪನೂ ನಡೀತಾನೆ. ಅಷ್ಟು ನಡೆದ ಕುರಿ ತಿಂದಿದ್ದರಲ್ಲಿ ಒಂದು ಪಾಲನ್ನ ನಡಿಗೆಗೇ ಖರ್ಚು ಮಾಡುತ್ತೆ.

ಗೋಮಾಳ ಒಂದು ಎಕರೆ ಕಮ್ಮಿಯಾದ್ರೆ ಪಂಚಾಯ್ತಿ ಕಡತದಲ್ಲಿ ಒಂದು ಅಂಕಿ ಬದಲಾಗುತ್ತೆ. ನಮ್ಮನೇಲಿ ಅಪ್ಪನ ಮಂಡಿ ನೋವು ಜಾಸ್ತಿಯಾಗುತ್ತೆ. ಎಕ್ಸೆಲ್‌ನ ಯಾವ ಕಾಲಂನಲ್ಲೂ ಅದು ಕಾಣಲ್ಲ.

ಮೊದಲ ಮಳೆ

ಈಗ ಹೇಳೋದು ಸ್ವಲ್ಪ ಕಷ್ಟದ ವಿಷಯ. ತಪ್ಪು ನಂದೇ.

ಮುಂಗಾರಿಗೆ ಮುಂಚೆ ಕುರಿಗಳಿಗೆ ಕರುಳುಬೇನೆ ಲಸಿಕೆ ಹಾಕಿಸಬೇಕು. ಆ ವರ್ಷ ಊರಿಗೆ ಲಸಿಕೆ ಹಾಕೋಕೆ ಬರ್ತಾರೆ ಅಂತ ಹೇಳಿದ್ದ ದಿನವೇ ನಾನು ಅಪ್ಪನಿಗೆ ಬೆಂಗಳೂರಲ್ಲಿ ಕಣ್ಣು ತೋರಿಸೋಕೆ ಸಮಯ ತಗೊಂಡಿದ್ದೆ. ಅಪ್ಪ, "ಬೇರೆ ದಿನ ಹೋಗಾನ" ಅಂದ. ನಾನು, "ಲಸಿಕೆ ಮುಂದಿನ ವಾರ ಹಾಕಿಸಿದ್ರಾಯ್ತು ಬಾ" ಅಂದೆ. ಮುಂದಿನ ವಾರ ಮಳೆ ಬಂತು. ಆಮೇಲೆ ಅದು ಇದು ಅಂತ ಇನ್ನೊಂದು ವಾರ ಹೋಯ್ತು. ಕೆರೆ ಅಂಗಳ ಹಸಿರಾಯ್ತು. ಎರಡು ತಿಂಗಳು ಒಣ ಕಡ್ಡಿ ತಿಂದಿದ್ದ ಕುರಿಗಳು ಎಳೆ ಹುಲ್ಲಿನ ಮೇಲೆ ಬಿದ್ದವು.

ಒಂದು ಬೆಳಿಗ್ಗೆ ಅಮ್ಮ ರೊಪ್ಪದ ಬಾಗಿಲು ತೆಗೆದ್ರೆ ಎರಡು ಮರಿ ಬಿದ್ದಿದ್ದವು. ಹಿಂದಿನ ದಿನ ಸಂಜೆ ಚೆನ್ನಾಗಿ ಕುಣೀತಿದ್ದವು. ಮಧ್ಯಾಹ್ನ ಇನ್ನೆರಡು. ಮಾರನೇ ದಿನ ಮತ್ತೆರಡು. ಎರಡು ದಿನದಲ್ಲಿ ಆರು. ಬಡಕಲು ಮರಿಗಳಲ್ಲ, ಎಲ್ಲಕ್ಕಿಂತ ಪುಷ್ಟಿಯಾಗಿದ್ದವು, ಹಬ್ಬಕ್ಕೆ ಅಂತ ಬಿಟ್ಟಿದ್ದವು.

ಪಶುವೈದ್ಯರು ಬಂದು ಒಂದರ ಹೊಟ್ಟೆ ಕೊಯ್ದು ನೋಡಿದ್ರು. ಹೊಟ್ಟೆ ತುಂಬಾ ಹಸಿರು. ಮೂತ್ರಪಿಂಡ ಮುಟ್ಟಿದ್ರೆ ಕಲಸಿದ ಹಿಟ್ಟಿನ ಥರ ಮೆತ್ತಗಾಗಿತ್ತು. ಕರುಳುಬೇನೆ ಅಂದ್ರು. ಈ ರೋಗದ ಬ್ಯಾಕ್ಟೀರಿಯಾ ಎಲ್ಲಿಂದಲೋ ಬರೋದಲ್ಲ, ಕುರಿಯ ಕರುಳಲ್ಲಿ ಮೊದಲೇ ಸ್ವಲ್ಪ ಇರುತ್ತೆ. ಒಣಮೇವಿಂದ ಇದ್ದಕ್ಕಿದ್ದಂತೆ ರಸಭರಿತ ಎಳೆ ಹುಲ್ಲಿಗೆ ಅಥವಾ ಜಾಸ್ತಿ ಕಾಳಿಗೆ ಬಂದಾಗ ಅದು ಸಿಕ್ಕಾಪಟ್ಟೆ ಬೆಳೆದು ವಿಷ ಬಿಡುತ್ತೆ. ಯಾವ ಮರಿ ಚೆನ್ನಾಗಿ ತಿನ್ನುತ್ತೋ ಅದೇ ಮೊದಲು ಸಾಯುತ್ತೆ. ಎಷ್ಟೋ ಸಲ ಔಷಧಿ ಕೊಡೋಕೂ ಸಮಯ ಸಿಗಲ್ಲ. ಲಸಿಕೆ ಹಾಕಿದ್ರೂ ಅದು ಕೆಲಸ ಮಾಡೋಕೆ ಸುಮಾರು ಎರಡು ವಾರ ಬೇಕು. ಅದಕ್ಕೇ ಮಳೆಗೆ ಮುಂಚೆ ಅನ್ನೋದು.

ಅಪ್ಪ ನನ್ನ ಬೈಲಿಲ್ಲ. ಹೊಲದ ಮೂಲೇಲಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂತ. ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದ: "ಹಸಿವಾದ ಹೊಟ್ಟೆಗೆ ಹೊಸ ಹುಲ್ಲು ಬಿಡಬಾರದು ಅಂತ ನಂಗೆ ಗೊತ್ತಿತ್ತು. ಕಾಲು ನೋಯ್ತಿತ್ತು, ಹತ್ರದಲ್ಲೇ ಐತಲ್ಲ ಅಂತ ಬಿಟ್ಟೆ."

ಹತ್ತಿರದ ಹುಲ್ಲು, ನೋಯುವ ಕಾಲು, ಮುಂದಕ್ಕೆ ಹಾಕಿದ ಲಸಿಕೆ. ಮೂರೂ ಒಂದೇ ದಿನ ಕೂಡಿ ಬಂದವು. ಆರು ಮರಿ ಅಂದ್ರೆ 42,000 ರೂಪಾಯಿ. ಎಕ್ಸೆಲ್‌ನಲ್ಲಿ ಹಿಂದಿನ ವರ್ಷದ ಲಾಭ ಅಂತ ಕಂಡಿದ್ದ 20,615ರ ಎರಡು ಪಟ್ಟು, ಎರಡೇ ದಿನದಲ್ಲಿ ಮಣ್ಣಿಗೆ ಹೋಯ್ತು.

ನಾಲ್ಕು ಬೆರಳು ಉಳಿಸಬೇಕು

ಆಮೇಲೆ ನಾನು ಮಾಡಬೇಕಾಗಿದ್ದ ಕೆಲಸ ಮಾಡಿದೆ. ಲೆಕ್ಕ ಬಿಟ್ಟು ಅಪ್ಪನ ಜೊತೆ ಕುರಿ ಮೇಯಿಸೋಕೆ ಹೋದೆ. ಹತ್ತು ದಿನ.

ಅಪ್ಪ ಬೆಳಿಗ್ಗೆ ಬೇಗ ಕುರಿ ಬಿಡಲ್ಲ. "ಇಬ್ಬನಿ ಆರಲಿ" ಅಂತಾನೆ. ಸೋಮಾರಿತನ ಅಂದ್ಕೊಂಡಿದ್ದೆ. ಕುರಿಗಳ ರಕ್ತ ಹೀರೋ ಒಂದು ಜಂತುಹುಳು ಇದೆ, ಹಿಮಾಂಕಸ್ ಅಂತಾರೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕುಡಿಯುತ್ತೆ. ಕೇಳೋಕೆ ಏನೂ ಅಲ್ಲ. ಆದ್ರೆ ಹೊಟ್ಟೇಲಿ ಸಾವಿರ ಹುಳು ಇದ್ರೆ ದಿನಕ್ಕೆ 50 ಮಿಲಿಲೀಟರ್ ಹೋಯ್ತು. ಇದರ ಮರಿಹುಳುಗಳು ಹಿಕ್ಕೆಯಿಂದ ಹೊರಗೆ ಬಂದು, ಹುಲ್ಲಿನ ಮೇಲಿರೋ ನೀರಿನ ಪದರ ಹಿಡಿದು ಮೇಲೆ ಹತ್ತುತ್ತವೆ. ತೇವ ಇದ್ದಾಗ ಹತ್ತೋದು ಜಾಸ್ತಿ. ಅವು ಹೆಚ್ಚಾಗಿ ಇರೋದು ಹುಲ್ಲಿನ ಬುಡದ ಎರಡು ಇಂಚಲ್ಲಿ. ಈಗ 'ಇಬ್ಬನಿ ಆರಲಿ' ಅನ್ನೋದರ ಅರ್ಥ ಆಯ್ತಲ್ಲ.

ಇನ್ನೊಂದು. ಅಪ್ಪ ಆಗಾಗ ಕುರಿ ಹಿಡಿದು ಕಣ್ಣಿನ ಕೆಳಗಿನ ರೆಪ್ಪೆ ಮಗುಚಿ ನೋಡ್ತಾನೆ. ಕೆಂಪಗಿದ್ರೆ ಬಿಡ್ತಾನೆ, ಬೆಳ್ಳಗಿದ್ರೆ ಗುರುತು ಮಾಡ್ಕೊಂಡು ಔಷಧಿ ಹಾಕ್ತಾನೆ. ದಕ್ಷಿಣ ಆಫ್ರಿಕಾದಲ್ಲಿ ಇದನ್ನೇ ಐದು ಬಣ್ಣಗಳ ಒಂದು ಕಾರ್ಡ್ ಮಾಡಿದ್ದಾರೆ, ಫಮಾಚಾ ಅಂತ ಹೆಸರು. ಎಲ್ಲಾ ಕುರಿಗೂ ಸುಮ್ಮನೆ ಔಷಧಿ ಕುಡಿಸ್ತಾ ಹೋದ್ರೆ ಹುಳುಗಳು ಅದಕ್ಕೆ ಒಗ್ಗಿಹೋಗ್ತವೆ. ಬೇಕಾದವಕ್ಕೆ ಮಾತ್ರ ಕೊಟ್ರೆ ಔಷಧಿ ಹೆಚ್ಚು ದಿನ ಕೆಲಸ ಮಾಡುತ್ತೆ, ಖರ್ಚೂ ಉಳಿಯುತ್ತೆ.

ಮೂರನೇದು ಎಲ್ಲಕ್ಕಿಂತ ಮುಖ್ಯ. ಒಂದು ದಿನ ಗರಿಕೆ ಚೆನ್ನಾಗಿದ್ದ ಜಾಗದಿಂದ ಅಪ್ಪ ಕುರಿಗಳನ್ನ ಎಬ್ಬಿಸಿದ. ಇನ್ನೂ ಹುಲ್ಲಿತ್ತು. ಯಾಕೆ ಅಂದೆ. ಬಗ್ಗಿ, ಬೆರಳು ನೆಲಕ್ಕಿಟ್ಟು ತೋರಿಸಿದ. "ನಾಲ್ಕು ಬೆರಳು ಉಳಿಸಬೇಕು ಕಣವ್ವ. ಅದೂ ಹೋದ್ರೆ ಅದಕ್ಕೆ ಚಿಗುರಕ್ಕೆ ಶಕ್ತಿ ಎಲ್ಲಿಂದ ಬತ್ತದೆ?"

ಹುಲ್ಲಿನ ಲೆಕ್ಕ ಹೀಗಿದೆ. ಎಲೆಯೇ ಅದರ ಅಡುಗೆಮನೆ. ಮೇಲಿಂದ ಸ್ವಲ್ಪ ಕಚ್ಚಿ ತಿಂದ್ರೆ ಉಳಿದ ಎಲೆ ಮತ್ತು ಬುಡದಲ್ಲಿ ಕೂಡಿಟ್ಟ ಶಕ್ತಿ ಬಳಸಿ ಮತ್ತೆ ಬೆಳೆಯುತ್ತೆ. ಹೊಸ ಚಿಗುರು ಬಂದು ಎರಡೇ ದಿನಕ್ಕೆ ಮತ್ತೆ ಕಚ್ಚಿದ್ರೆ ಕೂಡಿಟ್ಟದ್ದೂ ಖಾಲಿ, ಬೇರು ಚಿಕ್ಕದಾಗ್ತಾ ಬರುತ್ತೆ. ಫ್ರಾನ್ಸ್‌ನಲ್ಲಿ ಆಂದ್ರೆ ವಾಸಾಂ ಅಂತ ಒಬ್ಬರಿದ್ರು, ವಿಜ್ಞಾನ ಓದಿದವರು, ತಾವೇ ದನ ಮೇಯಿಸ್ತಿದ್ರು. 1957ರಲ್ಲಿ ಹುಲ್ಲಿನ ಇಳುವರಿ ಬಗ್ಗೆ ಪುಸ್ತಕ ಬರೆದ್ರು. ಎಷ್ಟು ದನ ಅನ್ನೋದರ ಜೊತೆಗೆ, ಎಷ್ಟು ದಿನ ಮೇಯ್ದವು, ಎಷ್ಟು ದಿನ ಹುಲ್ಲಿಗೆ ಬಿಡುವು ಸಿಕ್ತು ಅನ್ನೋದನ್ನೂ ನೋಡಬೇಕು ಅಂತ ಅವರು ತೋರಿಸಿದ್ರು. ನಮ್ಮಪ್ಪ ಆ ಪುಸ್ತಕ ಓದಿಲ್ಲ. ಆದ್ರೆ ಊರಿನ ಗೋಮಾಳದಲ್ಲಿ ಅಪ್ಪ ಒಬ್ಬನೇ ನಾಲ್ಕು ಬೆರಳು ಉಳಿಸಿದ್ರೆ ಏನಾಗುತ್ತೆ? ಹಿಂದೆ ಬರೋ ಮಂದೆ ಅದನ್ನ ಮೇಯ್ದು ಹೋಗುತ್ತೆ. ಬಿಡುವು ಅನ್ನೋದು ಊರೆಲ್ಲ ಕೂಡಿ ಕೊಡಬೇಕಾದದ್ದು. ನಾವು ಅದನ್ನ ಮಾಡಬಹುದಾಗಿದ್ದು ನಮ್ಮ ಜಮೀನಲ್ಲಿ ಮಾತ್ರ.

ಹಾಗಾಗಿ ಮನೇಲಿ ಕೂತು ಮಾತಾಡಿದ್ವಿ. ತಮ್ಮ ಹೇಳಿದ ಹಾಗೆ ಎಲ್ಲಾ ಮಾರಲಿಲ್ಲ, ಅಪ್ಪ ಹೇಳಿದ ಹಾಗೆ ಎಲ್ಲಾ ಇಟ್ಕೊಳ್ಳಲೂ ಇಲ್ಲ. 36 ತಾಯಿಕುರಿಗಳಲ್ಲಿ 12 ಮಾರಿದ್ವಿ. ವಯಸ್ಸಾದವು, ಪದೇ ಪದೇ ರೆಪ್ಪೆ ಬೆಳ್ಳಗಾಗ್ತಿದ್ದವು. ಆ ದುಡ್ಡಲ್ಲಿ ಒಂದು ಎಕರೆಗೆ ಬೇಲಿ ಹಾಕಿಸಿ, ಒಳಗೆ ನೈಲಾನ್ ಬಲೆ ಕಟ್ಟಿ ನಾಲ್ಕು ಭಾಗ ಮಾಡಿದ್ವಿ. ಅಂಜನ ಹುಲ್ಲಿನ ಬೀಜ ಹಾಕಿದ್ವಿ. ಅದು ಒಣಭೂಮಿಗೆ ಒಗ್ಗುತ್ತೆ, ಬರ ತಡೆಯುತ್ತೆ. ಬೇಲಿ ಸಾಲಲ್ಲಿ ಅಗಸೆ, ಗೊಬ್ಬರದ ಗಿಡ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಸೊಪ್ಪಾದ್ರೂ ಸಿಗಲಿ ಅಂತ. ಮೇವಿನ ಬೀಜ, ಬೇರಿನ ಬಗ್ಗೆ ಕೇಳೋಕೆ ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೇ ಇದೆ. ಮುಖ್ಯ ಸಂಸ್ಥೆ ಇರೋದು ಝಾನ್ಸಿಯಲ್ಲಿ, 1962ರಿಂದ.

ಮಳೆ ಬಿದ್ದ ತಕ್ಷಣ ಈಗ ನಮ್ಮ ಎಕರೆಗೆ ಕುರಿ ಬಿಡಲ್ಲ. ಸುಮಾರು ಮೂರು ವಾರ ಹುಲ್ಲು ಬೆಳೆಯೋಕೆ ಬಿಡ್ತೀವಿ. ಆಮೇಲೂ ಮೊದಲು ರಾಗಿಹುಲ್ಲು ತಿನ್ನಿಸಿ, ಅರ್ಧ ಗಂಟೆಯಿಂದ ಶುರು ಮಾಡಿ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸ್ತೀವಿ. ಒಂದು ಭಾಗ ನಾಲ್ಕು ಬೆರಳಿಗೆ ಬಂದ್ರೆ ಪಕ್ಕದ್ದಕ್ಕೆ. ಹುಲ್ಲಿಗೆ ಬಿಡುವು ಸಿಕ್ತು, ಕುರಿ ಬುಡದ ತನಕ ಮೇಯದೇ ಇರೋದ್ರಿಂದ ಹುಳು ಕಮ್ಮಿಯಾಯ್ತು, ಹೊಟ್ಟೆ ಹೊಸ ಮೇವಿಗೆ ನಿಧಾನಕ್ಕೆ ಒಗ್ಗಿಕೊಳ್ತು. ಲಸಿಕೆ ದಿನಾಂಕ ಮೂರು ಫೋನಲ್ಲಿ ಅಲಾರಂ ಇದೆ: ನಂದು, ತಮ್ಮಂದು, ಅಮ್ಮಂದು.

ಟವೆಲ್ ಕೆಳಗಿನ ವ್ಯಾಪಾರ

ಕಾಮರ್ಸ್ ಓದಿದ್ದಕ್ಕೆ ಒಂದಾದ್ರೂ ಉಪಯೋಗ ಆಗಬೇಕಲ್ಲ. ಅದು ಮಾರೋವಾಗ ಆಯ್ತು.

ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ ಸಂತೆ ನಮ್ಮ ಕಡೆ ಹೆಸರುವಾಸಿ. ಯಾವ ಸಂತೆಗೆ ಹೋದ್ರೂ ಒಂದು ಹಳೇ ಪದ್ಧತಿ ನೋಡಬಹುದು. ಇಬ್ಬರು ಕೈ ಮೇಲೆ ಟವೆಲ್ ಹಾಕ್ಕೊಂಡು, ಒಳಗೆ ಬೆರಳು ಹಿಡಿದು ರೇಟು ಮಾತಾಡ್ತಾರೆ. ಪಕ್ಕದಲ್ಲಿ ನಿಂತವನಿಗೂ ರೇಟು ಗೊತ್ತಾಗಲ್ಲ. ಕುರಿಯನ್ನ ಎತ್ತಿ, ಬೆನ್ನು ಮುಟ್ಟಿ, ಕಣ್ಣಂದಾಜಲ್ಲಿ ತೂಕ ಹೇಳ್ತಾರೆ. ಅದೂ ಒಂದು ವಿದ್ಯೆ, ಇಲ್ಲ ಅನ್ನಲ್ಲ. ಆದ್ರೆ ಆ ವಿದ್ಯೆ ದಿನಾ ನೂರು ಕುರಿ ಎತ್ತೋನಿಗೆ ಇರುತ್ತೆ. ವರ್ಷಕ್ಕೆ ಇಪ್ಪತ್ತೆಂಟು ಮರಿ ಮಾರೋ ನಮ್ಮಪ್ಪನಿಗೆ ಅಷ್ಟು ಬರಲ್ಲ.

ನೇತುಹಾಕೋ ಒಂದು ತೂಕದ ಯಂತ್ರ ತಂದೆ. ಮನೇಲೇ ಮರಿ ತೂಗಿ, ಕಿವಿಯ ಓಲೆ ನಂಬರ್ ಮುಂದೆ ಬರೆದಿಟ್ಕೊಂಡೆ. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಒಂದು ಮರಿ ಎತ್ತಿ 17 ಕೆಜಿ ಅಂದ್ರು. ನಮ್ಮ ಪುಸ್ತಕದಲ್ಲಿ 20 ಕೆಜಿ 500 ಗ್ರಾಂ ಇತ್ತು. ಆ ದಿನ ಜೀವಂತ ತೂಕಕ್ಕೆ ಕೆಜಿಗೆ 350 ರೂಪಾಯಿ ಮಾತಾಡಿದ್ವಿ. ಮೂರೂವರೆ ಕೆಜಿಗೆ 1,225 ರೂಪಾಯಿ. ಒಂದೇ ಮರಿಯಲ್ಲಿ! ಅವರು ಮೋಸ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಅಂದಾಜು ಯಾವಾಗ್ಲೂ ಕೊಳ್ಳೋನ ಕಡೆಗೇ ವಾಲುತ್ತೆ, ಅಷ್ಟೇ. ತೂಗಿ ತೋರಿಸಿದ ಮೇಲೆ ಅವರೂ ಒಪ್ಕೊಂಡ್ರು, ಈಗಲೂ ಅವರೇ ಬರ್ತಾರೆ.

ಬೆಂಗಳೂರಿನ ಸ್ನೇಹಿತರು 'ಹುಲ್ಲು ತಿಂದ ಮಟನ್ ಆರೋಗ್ಯಕ್ಕೆ ಒಳ್ಳೇದಲ್ವಾ, ಆ ಹೆಸರಲ್ಲಿ ಜಾಸ್ತಿ ರೇಟಿಗೆ ಮಾರು' ಅಂತಾರೆ. ಕಾಳು ತಿಂದ ಪ್ರಾಣಿಗಿಂತ ಹುಲ್ಲು ತಿಂದ ಪ್ರಾಣಿಯ ಮಾಂಸದಲ್ಲಿ ಒಮೆಗಾ-3 ಕೊಬ್ಬಿನ ಪಾಲು ಹೆಚ್ಚು ಅನ್ನೋದು ನಿಜ. ಆದ್ರೆ ಒಟ್ಟು ಪ್ರಮಾಣ ಬಂಗುಡೆ, ಬೂತಾಯಿ ಮೀನಿನ ಮುಂದೆ ಬಹಳ ಕಮ್ಮಿ. ಅದನ್ನ ಔಷಧಿ ಥರ ಮಾರೋಕೆ ನನಗೆ ಮನಸ್ಸಿಲ್ಲ. ನಮ್ಮ ಕುರಿ ಏನು ತಿಂತು, ಯಾವ ಲಸಿಕೆ ಯಾವಾಗ ಹಾಕಿಸಿದ್ವಿ ಅಂತ ಬರೆದಿಟ್ಟಿರೋ ಪುಸ್ತಕ ತೋರಿಸ್ತೀನಿ. ನಂಬಿದವರು ತಗೊಳ್ತಾರೆ.

ಈ ಯುಗಾದಿಯ ಲೆಕ್ಕ

2026ರ ಯುಗಾದಿಗೆ ಮತ್ತೆ ಶೀಟ್ ತೆಗೆದೆ. 24 ತಾಯಿಕುರಿ. ಮಾರಿದ ಮರಿ 20, ಸರಾಸರಿ 8,200. ಒಟ್ಟು 1,64,000. ಖರ್ಚು 39,000. ಉಳಿದದ್ದು 1,25,000. ಮಾರಿದ 12 ತಾಯಿಕುರಿಗಳ ದುಡ್ಡು ಇದರಲ್ಲಿ ಸೇರಿಸಿಲ್ಲ. ಅದು ಬಂಡವಾಳ, ಬೇಲಿಗೆ ಹೋಯ್ತು.

ಹಿಂದಿನ ವರ್ಷಕ್ಕಿಂತ 23,000 ಕಮ್ಮಿ. ತಮ್ಮ ತಕ್ಷಣ ಅದನ್ನೇ ತೋರಿಸಿದ. ಅವನಿಗೆ ಇನ್ನೊಂದು ಕಾಲಂ ತೋರಿಸಿದೆ. ಅಪ್ಪ ಈಗ ಹೊರಗೆ ಮೇಯಿಸೋದು ದಿನಕ್ಕೆ ಐದು ಗಂಟೆ. ಮೊದಲು ಒಂದು ಗಂಟೆ ದುಡಿಮೆಗೆ ಸುಮಾರು 50 ರೂಪಾಯಿ ಬರ್ತಿತ್ತು, ಈಗ 68. ನರೇಗಾದ 2025-26ರ ಕೂಲಿ 370 ರೂಪಾಯಿ, ಎಂಟು ಗಂಟೆಗೆ ಹಂಚಿದ್ರೆ ಗಂಟೆಗೆ 46. ಉಳಿದ ಮೂರು ಗಂಟೆ ಅಪ್ಪ ನೆರಳಲ್ಲಿರ್ತಾನೆ. ಮಧ್ಯಾಹ್ನ ಮನೇಲಿ ಬಿಸಿ ಮುದ್ದೆ ಉಣ್ತಾನೆ.

ಇದು ಗೆಲುವಿನ ಕಥೆ ಅಂತ ನಾನು ಹೇಳಲ್ಲ. 23,000 ರೂಪಾಯಿ ನಮ್ಮನೆಗೆ ಸಣ್ಣ ದುಡ್ಡಲ್ಲ. ಈ ವರ್ಷ ಮಳೆ ಕೈಕೊಟ್ರೆ ಒಂದು ಎಕರೆ ಹುಲ್ಲು ಸಾಲಲ್ಲ, ಈಗಲೂ ಅರ್ಧಕ್ಕಿಂತ ಹೆಚ್ಚು ಮೇವು ಗೋಮಾಳದ್ದೇ. ಅಪ್ಪನಾದ ಮೇಲೆ ಯಾರು ಅನ್ನೋ ಪ್ರಶ್ನೆ ಹಾಗೇ ಇದೆ. ತಮ್ಮ ಇನ್ನೂ 'ಮಾರೋಣ' ಅಂತಾನೆ. ಆದ್ರೆ ಮೊನ್ನೆ ರಜಕ್ಕೆ ಬಂದಾಗ ಅವನೇ ಒಂದು ಕುರಿಯ ರೆಪ್ಪೆ ಮಗುಚಿ ನೋಡ್ತಿದ್ದ. ನಾನು ನೋಡಿದ್ದು ಅವನಿಗೆ ಗೊತ್ತಿಲ್ಲ. ಈ ಕಂತು ಕೇಳಿದ್ರೆ ಗೊತ್ತಾಗುತ್ತೆ.

ಕೊನೆಗೆ, ಕೆಲಸ ಬಿಟ್ಟು ಊರಿಗೆ ಹೋಗಿ ಕುರಿ ಸಾಕ್ತೀನಿ ಅಂತ ವಿಡಿಯೊ ನೋಡ್ತಾ ಇರೋರಿಗೆ ನಾಲ್ಕು ಮಾತು.

ಒಂದು, ಕುರಿ ಕೊಳ್ಳೋ ಮುಂಚೆ ಹುಲ್ಲು ಎಣಿಸಿ. ತೂಕದ ಹತ್ತರಲ್ಲಿ ಒಂದು ಪಾಲು, ದಿನಾ. ಅಟ್ಟಣಿಗೆ ಪದ್ಧತಿಯ ಶೆಡ್ ಹಾಕಿದ್ರೂ ಅಷ್ಟೇ, ಮೇವು ಕೊಯ್ದು ತರೋ ಕೈ ಯಾರದ್ದು ಅಂತ ಬರೆದಿಡಿ.

ಎರಡು, ಮನೆಯವರ ದುಡಿಮೆಗೆ ಸೊನ್ನೆ ಹಾಕಬೇಡಿ. ರೊಪ್ಪ ಗುಡಿಸೋ ಅಮ್ಮಂದನ್ನೂ ಸೇರಿಸಿ. ನಾನು ಈ ವರ್ಷವೂ ಅದನ್ನ ಸೇರಿಸೋಕೆ ಮರೆತಿದ್ದೆ. ಅಮ್ಮನೇ ಶೀಟ್ ನೋಡಿ, "ನಾನೆಲ್ಲಿದ್ದೀನಿ ಇದ್ರಾಗೆ?" ಅಂತ ಕೇಳಿದ್ಳು. ಈಗ ಹೊಸ ಕಾಲಂ ಇದೆ. ಅದನ್ನ ತುಂಬಿದ ಮೇಲೆ ಲಾಭ ಇನ್ನೂ ಇಳಿಯುತ್ತೆ, ಇಳೀಲಿ.

ಮೂರು, ಕುರಿ ಸತ್ರೆ ನಾಚಿಕೊಂಡು ಸುಮ್ಮನೆ ಹೂಳಬೇಡಿ. ಪಶುವೈದ್ಯರಿಗೆ ತೋರಿಸಿ. ಕಾರಣ ಗೊತ್ತಾದ್ರೆ ಉಳಿದವನ್ನ ಉಳಿಸ್ಕೊಬಹುದು. ಜಾನುವಾರು ಚಿಕಿತ್ಸೆಗೆ 1962 ಸಹಾಯವಾಣಿ ಇದೆ, ನಂಬರ್ ಸೇವ್ ಮಾಡ್ಕೊಳ್ಳಿ.

ನಾಲ್ಕು, ನಿಮ್ಮೂರ ಗೋಮಾಳ ಎಷ್ಟಿದೆ ಅಂತ ನೋಡಿ. ಸರ್ವೆ ನಂಬರ್ ಗೊತ್ತಿದ್ರೆ ಪಹಣಿ ಫೋನಲ್ಲೇ ಸಿಗುತ್ತೆ. ಪಹಣಿಯಲ್ಲಿ ಎಷ್ಟಿದೆ, ಕಣ್ಣಿಗೆ ಎಷ್ಟು ಕಾಣುತ್ತೆ, ಎರಡನ್ನೂ ಹೋಲಿಸಿ ನನಗೆ ವಾಯ್ಸ್ ನೋಟ್ ಕಳಿಸಿ. ಸಾಕಷ್ಟು ಬಂದ್ರೆ ಅದರ ಮೇಲೇ ಒಂದು ಕಂತು ಮಾಡೋಣ.

ಆ ಮೆಸೇಜ್ ಕಳಿಸಿದ್ದ ಕೇಳುಗರಿಗೆ ಉತ್ತರ ಬಾಕಿ ಇದೆ. ಮಟನ್ ಸಿಗಲ್ಲ, ನಾವು ಜೀವಂತ ಮರಿ ಮಾತ್ರ ಮಾರೋದು. ಆದ್ರೆ ಒಂದು ದಿನ ಬನ್ನಿ, ಅಪ್ಪನ ಜೊತೆ ಐದು ಗಂಟೆ ನಡೀರಿ. ಇಬ್ಬನಿ ಆರಿದ ಮೇಲೆ ಹೊರಡೋಣ.